ಟ್ಯಾಕ್ರೋಲಿಮಸ್ ಸೇವಿಸುವವರು ಕಿಡ್ನಿಯನ್ನು ಕಾಪಾಡಿಕೊಳ್ಳುವುದು ಹೇಗೆ?

ಯಕೃತ್ತಿನ ಕಸಿಯ ನಂತರ ಟ್ಯಾಕ್ರೋಲಿಮಸ್ (ದೇಹವು ಕಸಿಯನ್ನು ತಿರಸ್ಕರಿಸದಂತೆ ತಡೆಯುವ ಔಷಧ) ಸೇವಿಸುತ್ತಿರುವ ನಿಮ್ಮ ತಂದೆಯವರ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ಕುಗ್ಗಿದಾಗ ರಕ್ತದಲ್ಲಿ ಹೆಚ್ಚುವ ತ್ಯಾಜ್ಯ) ನಿಧಾನವಾಗಿ ಏರುತ್ತಿದೆ, ಕಿಡ್ನಿಯನ್ನು ರಕ್ಷಿಸುವ ಮಾತ್ರೆ ಯಾವುದಾದರೂ ಇದೆಯೇ ಎಂದು ಕೇಳಿದ್ದೀರಿ. ಕಸಿಯಾದವರ ಔಷಧಗಳನ್ನು ಪರಿಶೀಲಿಸುವ ಫಾರ್ಮಸಿಸ್ಟ್ ಆಗಿ ಹೇಳುವುದಾದರೆ, ಅಂಥ ಮಾತ್ರೆ ಇಲ್ಲ. ರಕ್ಷಣೆಯ ಬಹುಪಾಲು ಇರುವುದು ರಕ್ತದಲ್ಲಿ ಟ್ಯಾಕ್ರೋಲಿಮಸ್‌ನ ಮಟ್ಟ ಅಗತ್ಯಕ್ಕಿಂತ ಏರದಂತೆ ನೋಡಿಕೊಳ್ಳುವುದರಲ್ಲಿ.

ಟ್ಯಾಕ್ರೋಲಿಮಸ್ ಮತ್ತು ಅದೇ ಬಗೆಯ ಇನ್ನೊಂದು ಔಷಧವಾದ ಸೈಕ್ಲೋಸ್ಪೊರಿನ್ ಎರಡೂ ಕಿಡ್ನಿಯ ಸೋಸುವ ಭಾಗಕ್ಕೆ ರಕ್ತ ತರುವ ಕಿರುಧಮನಿಗಳನ್ನು ಕಿರಿದಾಗಿಸುತ್ತವೆ. ಆರಂಭದಲ್ಲಿ ಡೋಸ್ ಇಳಿಸಿದರೆ ಇದು ಸಾಮಾನ್ಯವಾಗಿ ಸರಿಹೋಗುತ್ತದೆ, ಆದರೆ ವರ್ಷಗಟ್ಟಲೆ ಮುಂದುವರಿದಾಗ ಅಂಗಾಂಶ ನಾರುಗಟ್ಟುತ್ತದೆ ಮತ್ತು ಆ ಹಾನಿ ಹಿಂದಕ್ಕೆ ಹೋಗುವುದಿಲ್ಲ. ಹಾಗಾಗಿ ಸಣ್ಣ ಏರಿಕೆಯನ್ನೇ ನೀವು ಗಂಭೀರವಾಗಿ ತೆಗೆದುಕೊಂಡಿರುವುದು ಸರಿಯಾಗಿದೆ.

ದಿನಕ್ಕೆ ಎರಡು ಬಾರಿ ಸೇವಿಸುವವರಲ್ಲಿ ರಕ್ತದ ಮಾದರಿಯನ್ನು ಹಿಂದಿನ ಡೋಸ್ ಆಗಿ 12 ಗಂಟೆಯ ಹೊತ್ತಿಗೆ, ಬೆಳಗಿನ ಡೋಸ್‌ಗೆ ಮೊದಲು ಕೊಡಬೇಕು. ಮಾತ್ರೆ ನುಂಗಿ ಕೊಟ್ಟರೆ ಮಟ್ಟ ಹೆಚ್ಚಿದಂತೆ ಕಾಣುತ್ತದೆ. ಅದನ್ನು ನಂಬಿ ಡೋಸ್ ಇಳಿಸಿದರೆ ದೇಹವು ಕಸಿಯನ್ನೇ ತಿರಸ್ಕರಿಸುವ ಅಪಾಯವಿದೆ. ಇದೇ ಕಾರಣಕ್ಕೆ ನೀವಾಗಿಯೇ ಡೋಸ್ ಕಡಿಮೆ ಮಾಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಮಟ್ಟ ಏರಲು ಅನೇಕ ವೇಳೆ ಬೇರೆ ಔಷಧಗಳೇ ಕಾರಣವಾಗುತ್ತವೆ. ಕ್ಲಾರಿಥ್ರೋಮೈಸಿನ್ (ಆ್ಯಂಟಿಬಯಾಟಿಕ್), ಫ್ಲುಕೊನಜೋಲ್ (ಶಿಲೀಂಧ್ರ ಸೋಂಕಿನ ಔಷಧ), ಡಿಲ್ಟಿಯಾಜೆಮ್ (ರಕ್ತದೊತ್ತಡದ ಔಷಧ) ಮತ್ತು ಗ್ರೇಪ್‌ಫ್ರೂಟ್ ಹಣ್ಣು ಟ್ಯಾಕ್ರೋಲಿಮಸ್ ಅನ್ನು ಒಡೆಯುವ ಕಿಣ್ವವನ್ನು ತಡೆಯುತ್ತವೆ. ಕ್ಷಯರೋಗದ ಔಷಧವಾದ ರಿಫಾಂಪಿಸಿನ್ ಇದಕ್ಕೆ ವಿರುದ್ಧವಾಗಿ ಮಟ್ಟವನ್ನು ಕುಸಿಯುವಂತೆ ಮಾಡುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವುನಿವಾರಕಗಳು ಮಟ್ಟವನ್ನು ಬದಲಿಸದಿದ್ದರೂ ಆಗಲೇ ಕುಗ್ಗಿರುವ ರಕ್ತದ ಹರಿವನ್ನು ಮತ್ತಷ್ಟು ಕುಗ್ಗಿಸುತ್ತವೆ, ಆದ್ದರಿಂದ ವೈದ್ಯರನ್ನು ಕೇಳದೆ ಅವನ್ನು ಮುಟ್ಟಲೇಬಾರದು.

ಭೇದಿಯ ವಿಷಯದಲ್ಲಿ ಹಲವರ ಊಹೆ ತಲೆಕೆಳಗಾಗಿರುತ್ತದೆ. ಔಷಧ ಹೊರಹೋಗಿ ಮಟ್ಟ ಇಳಿಯುತ್ತದೆ ಎಂದು ಅವರು ಭಾವಿಸುತ್ತಾರೆ. ವಾಸ್ತವದಲ್ಲಿ ಕರುಳಿನ ಒಳಪದರ ಔಷಧವನ್ನು ತಡೆಯುವ ಶಕ್ತಿ ಕಳೆದುಕೊಳ್ಳುವುದರಿಂದ ಟ್ಯಾಕ್ರೋಲಿಮಸ್ ಹೆಚ್ಚಾಗಿ ರಕ್ತ ಸೇರುತ್ತದೆ, ಜೊತೆಗೆ ನೀರಿನಂಶದ ನಷ್ಟವೂ ಕಿಡ್ನಿಯನ್ನು ಬಾಧಿಸುತ್ತದೆ. ಭೇದಿ ಒಂದೆರಡು ದಿನ ಮುಂದುವರಿದರೆ ಮುಂದಿನ ಭೇಟಿಗೆ ಕಾಯದೆ ಕಸಿ ತಂಡಕ್ಕೆ ತಿಳಿಸಿ, ಮಟ್ಟವನ್ನೂ ಕ್ರಿಯಾಟಿನಿನ್ ಅನ್ನೂ ಪರೀಕ್ಷೆ ಮಾಡಿಸಿ.

ರಕ್ತದೊತ್ತಡ, ಪೊಟ್ಯಾಸಿಯಂ, ಮೆಗ್ನೀಸಿಯಂಗಳ ಮೇಲೂ ಕಣ್ಣಿರಲಿ. ಇಷ್ಟಾದರೂ ಕ್ರಿಯಾಟಿನಿನ್ ಏರುತ್ತಿದ್ದರೆ, ತಿರಸ್ಕಾರ ತಡೆಯುವ ಬೇರೆ ಔಷಧಗಳಾದ ಮೈಕೊಫಿನೊಲೇಟ್ ಅಥವಾ ಎವೆರೊಲಿಮಸ್ ಸೇರಿಸಿ ಟ್ಯಾಕ್ರೋಲಿಮಸ್ ತಗ್ಗಿಸಬಹುದೇ ಎಂದು ವೈದ್ಯರನ್ನು ಕೇಳಿ. ಎವೆರೊಲಿಮಸ್‌ನಿಂದ ಮೂತ್ರದಲ್ಲಿ ಪ್ರೋಟೀನ್ ಸೋರುವ ಸಾಧ್ಯತೆ ಇರುವುದರಿಂದ ಆ ಬದಲಾವಣೆಗೆ ಮೊದಲೇ ಮೂತ್ರಪರೀಕ್ಷೆ ಆಗಿರಬೇಕು.