ಮರಳಿ ಬಂದ ಮಗಳು ಕೋಣೆ ಬಿಟ್ಟು ಬರುತ್ತಿಲ್ಲ: ಪ್ರತಿಕ್ರಿಯೆ

ಜರ್ಮನಿಯಲ್ಲಿ ಒಂದು ಸೆಮಿಸ್ಟರ್ ಓದಿ ತೀರ್ಥಹಳ್ಳಿಗೆ ಮರಳಿದ 17 ವರ್ಷದ ಮಗಳು ಕೋಣೆಯಿಂದ ಹೊರಬರುತ್ತಿಲ್ಲ, ಸೊಕ್ಕೇ ಎಂದು ಕೇಳಿದ್ದೀರಿ, ಅಕ್ಕ. ಸೊಕ್ಕಲ್ಲ. ಹೊರದೇಶದಲ್ಲಿ ಒಮ್ಮೆ ಕುಗ್ಗಿದ ಮನಸ್ಸು ಮನೆಗೆ ಮರಳಿದ ಮೇಲೆ ಇನ್ನೊಮ್ಮೆ ಕುಸಿಯುತ್ತದೆಂದು ಅಮೆರಿಕದ ಸಂಶೋಧಕರಾದ ಗಲ್ಲಾಹಾರ್ನ್ ದಂಪತಿ 1963ರಲ್ಲೇ ಬರೆದಿದ್ದಾರೆ.

ನನ್ನ ಮಗಳು ಹೀಗೆಯೇ ಹೊರದೇಶದಿಂದ ಬಂದ ವಾರವೇ ನೆಂಟರನ್ನೆಲ್ಲ ಕರೆದು ಕಡುಬು ಬಡಿಸಿದ್ದು ನನ್ನ ತಪ್ಪು. ‘ದಪ್ಪಗಾಗಿದ್ದೀಯಲ್ಲೇ’ ಎಂದು ಯಾರೋ ಅಂದದ್ದೇ ತಡ, ತಟ್ಟೆ ಬಿಟ್ಟು ಎದ್ದಳು. ಆಮೇಲೆ ನಾನು ಏನನ್ನೂ ಕೇಳಲಿಲ್ಲ. ಒಂದು ಸಂಜೆ ಜಗುಲಿಯಲ್ಲಿ ಅಡಿಕೆ ಸುಲಿಯುತ್ತಿದ್ದಾಗ ಪಕ್ಕದಲ್ಲಿ ಬಂದು ಕುಳಿತು, ಅಲ್ಲಿ ಟ್ರಾಮ್‌ನಲ್ಲಿ ಒಬ್ಬಳೇ ಓಡಾಡುತ್ತಿದ್ದುದನ್ನು ತಾನಾಗಿಯೇ ಹೇಳತೊಡಗಿದಳು.

ನಿಮ್ಮವಳನ್ನೂ ಶಿವಮೊಗ್ಗಕ್ಕೆ ಒಬ್ಬಳೇ ಬಸ್ಸಿನಲ್ಲಿ ಕಳುಹಿಸಿ, ಸುಮಾರು 60 ಕಿಲೋಮೀಟರ್ ಅಷ್ಟೇ. ರಾತ್ರಿ ಜರ್ಮನಿಯ ಗೆಳೆಯರಿಗೆ ಮಾಡುವ ವಿಡಿಯೊ ಕರೆಗೆ ಗದರಬೇಡಿ. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ಮೂರೂವರೆ ಗಂಟೆ ಹಿಂದಿರುತ್ತದೆ. ಎರಡು ವಾರ ಕಳೆದರೂ ಊಟ, ನಿದ್ದೆ ಸರಿಹೋಗದಿದ್ದರೆ ವೈದ್ಯರಿಗೆ ತೋರಿಸಿ.