ಊರಿನ ಓಡಾಟಕ್ಕೂ ವಿಮಾನದ ಪ್ರವಾಸಕ್ಕೂ ಯಾವ ಆ್ಯಪ್ ಬೇಕು, ಯಾವುದು ಬೇಡ?

ನೀವು ಕೇಳಿರುವುದು ಇಷ್ಟು: ಕೆಲಸ ಬೆಂಗಳೂರಿನಲ್ಲಿ, ಊರು ಬೆಳಗಾವಿ. ಹಬ್ಬಕ್ಕೆ, ರಜೆಗೆ ಮನೆಮಂದಿ ನಾಲ್ವರೂ ಊರಿಗೆ ಹೋಗುತ್ತೀರಿ. ವರ್ಷಕ್ಕೊಮ್ಮೆ ವಿಮಾನದಲ್ಲಿ ದೂರದ ಪ್ರವಾಸ. ಕ್ರೆಡಿಟ್ ಕಾರ್ಡ್, ಏರ್‌ಲೈನ್‌ನವರು ಕೊಡುವ ಪಾಯಿಂಟ್ಸ್ ಗಳಿಸಲು, ಟಿಕೆಟ್ಟುಗಳನ್ನೆಲ್ಲ ಒಂದೆಡೆ ಇಟ್ಟುಕೊಳ್ಳಲು ಯಾವ ಆ್ಯಪ್ ಹಾಕಿಕೊಳ್ಳಲಿ, ಕಾರಿನ ಟೋಲಿನಲ್ಲೂ ಏನಾದರೂ ಉಳಿಯುತ್ತಾ ಅಂತ. ನಮ್ಮ ಮನೆಯಲ್ಲಿ, ಅಣ್ಣನ ಮನೆಯಲ್ಲಿ ಎಲ್ಲರ ಟಿಕೆಟ್ ಮಾಡುವ ಕೆಲಸ ನನ್ನ ತಲೆಗೇ ಬಿದ್ದಿದೆ. ಹಾಗಾಗಿ ಬಳಸಿ ನೋಡಿದ್ದನ್ನೇ ಹೇಳುತ್ತೇನೆ.

ನಿಮ್ಮಂಥ ಓಡಾಟದಲ್ಲಿ ಜಾಸ್ತಿ ದುಡ್ಡು ಉಳಿಯುವುದು ಪಾಯಿಂಟ್ಸ್ ಕೊಡದ ಕಡೆಯೇ. ಯೂಟ್ಯೂಬಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಕಾರ್ಡ್ ಮಾಡಿಸಿದರೆ ಅವರಿಗೆ ಕಮಿಷನ್ ಸಿಗುತ್ತದೆ, ಅಲ್ವಾ?

ರೈಲನ್ನೇ ನೋಡಿ. ಐಆರ್‌ಸಿಟಿಸಿಯಲ್ಲಿ ಸ್ಲೀಪರ್ ಟಿಕೆಟ್ಟಿಗೆ ಯುಪಿಐನಲ್ಲಿ ಕಟ್ಟಿದರೆ ಸೇವಾ ಶುಲ್ಕ 10 ರೂಪಾಯಿ, ಕಾರ್ಡಿನಲ್ಲಿ ಕಟ್ಟಿದರೆ 15. ಎಸಿಗೆ 20 ಮತ್ತು 30. ಮೇಲೆ ಜಿಎಸ್‌ಟಿ ಬೇರೆ. ಕಾರ್ಡಿನಲ್ಲಿ ಕಟ್ಟಿದರೆ ಪೇಮೆಂಟ್ ಗೇಟ್‌ವೇಯವರದೂ ಸ್ವಲ್ಪ ಸೇರಿಕೊಳ್ಳುತ್ತದೆ. ಐನೂರು ರೂಪಾಯಿ ಟಿಕೆಟ್ಟಿಗೆ ನೂರಕ್ಕೆ ಒಂದು ರೂಪಾಯಿ ಲೆಕ್ಕದಲ್ಲಿ ಪಾಯಿಂಟ್ ಬಂದರೂ ಆಗುವುದು ಐದೇ ರೂಪಾಯಿ. ಬಂದದ್ದು ಹಾಗೇ ಹೋಯಿತು. ಸ್ಲೀಪರ್ ಟಿಕೆಟ್ಟಿಗೆ ಸುಮ್ನೆ ಯುಪಿಐ ಮಾಡಿ. ಸದಾ ಎಸಿಯಲ್ಲೇ ಹೋಗುವವರಾದರೆ ಐಆರ್‌ಸಿಟಿಸಿ ಹೆಸರಿನ ಎಸ್‌ಬಿಐ ಕಾರ್ಡ್ ಇದೆ. ಅದರ ಪಾಯಿಂಟನ್ನು ರೈಲು ಟಿಕೆಟ್ಟಿಗೇ ಬಳಸಬಹುದು. ವಾರ್ಷಿಕ ಶುಲ್ಕ ಕಳೆದು ಏನು ಉಳಿಯುತ್ತದೆ ಅಂತ ಮೊದಲು ಲೆಕ್ಕ ಹಾಕಿ.

ರೈಲಿನಲ್ಲಿ ನಿಜವಾದ ಬಹುಮಾನ ಅಂದರೆ ಸೀಟು ಸಿಗುವುದು. ಅದಕ್ಕೆ ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸಿ. ಜೋಡಿಸದಿದ್ದರೆ ತಿಂಗಳಿಗೆ 12 ಟಿಕೆಟ್, ಜೋಡಿಸಿದರೆ 24. 2025ರ ಜುಲೈ 1ರಿಂದ ಆಧಾರ್ ಜೋಡಿಸದ ಖಾತೆಯಲ್ಲಿ ತತ್ಕಾಲ್ ಸಿಗುವುದೇ ಇಲ್ಲ. ಹಿಂದಿನ ದಿನ ಬೆಳಿಗ್ಗೆ ಎಸಿಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುತ್ತದೆ. ಆ ಹೊತ್ತಿನಲ್ಲಿ ಆಧಾರ್ ಜೋಡಿಸಲು ಕೂತರೆ ಕೆಲಸ ಕೆಟ್ಟಿತು ಅಂತಲೇ. ಮಾಮೂಲಿ ಬುಕಿಂಗ್ ಮೊದಲು 120 ದಿನ ಮುಂಚೆ ತೆರೆಯುತ್ತಿತ್ತು, 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿಸಿದ್ದಾರೆ. ದೀಪಾವಳಿಗೆ ರಾಣಿ ಚೆನ್ನಮ್ಮ ರೈಲಿನಲ್ಲಿ ನಾಲ್ಕು ಬರ್ತ್ ಬೇಕಾದರೆ ಫೋನಿನ ಕ್ಯಾಲೆಂಡರಿನಲ್ಲಿ 60 ದಿನ ಹಿಂದಕ್ಕೆ ಎಣಿಸಿ ಅಲಾರಂ ಇಟ್ಟುಕೊಳ್ಳಿ. ಇದಕ್ಕಿಂತ ಉಪಯೋಗದ ಆ್ಯಪ್ ನನಗೆ ಗೊತ್ತಿಲ್ಲ. ವೇಟಿಂಗ್ ಲಿಸ್ಟಿನ ಇ-ಟಿಕೆಟ್ ಚಾರ್ಟ್ ಆದ ಮೇಲೂ ಪೂರ್ತಿ ವೇಟಿಂಗ್‌ನಲ್ಲೇ ಉಳಿದರೆ ತಾನಾಗಿ ರದ್ದಾಗಿ ದುಡ್ಡು ವಾಪಸ್ ಬರುತ್ತದೆ, ನೀವು ಏನೂ ಮಾಡಬೇಕಿಲ್ಲ.

ರೈಲು ಎಲ್ಲಿದೆ ಅಂತ ನೋಡಲು 'ವೇರ್ ಈಸ್ ಮೈ ಟ್ರೇನ್' ಹಾಕಿಕೊಳ್ಳಿ. ನಮ್ಮ ಬೆಂಗಳೂರಿನ ಸಿಗ್ಮಾಯ್ಡ್ ಲ್ಯಾಬ್ಸ್‌ನವರು ಮಾಡಿದ್ದು, 2018ರಲ್ಲಿ ಗೂಗಲ್ ಕೊಂಡುಕೊಂಡಿತು. ರೈಲಿನ ಒಳಗೆ ಕೂತಾಗ ಇಂಟರ್ನೆಟ್ ಇಲ್ಲದಿದ್ದರೂ ಮೊಬೈಲ್ ಟವರ್ ಹಿಡಿದು ಯಾವ ಸ್ಟೇಷನ್ ದಾಟಿದೆ ಅಂತ ಹೇಳುತ್ತದೆ. ಬೆಳಗಿನ ಜಾವ ಇಳಿಯಬೇಕಾದವರಿಗೆ ಸ್ಟೇಷನ್ ಅಲಾರಂ ಕೂಡ ಇದೆ.

ಬಸ್ಸಿನ ವಿಷಯ ಬೇಗ ಮುಗಿಸುತ್ತೇನೆ. ಕೆಎಸ್‌ಆರ್‌ಟಿಸಿ ಸೈಟಿನಲ್ಲಿ ನಾಲ್ಕು ಅಥವಾ ಜಾಸ್ತಿ ಜನರಿಗೆ ಒಂದೇ ಟಿಕೆಟ್ ಮಾಡಿದರೆ 5% ರಿಯಾಯಿತಿ. ಹೋಗುವುದು, ಬರುವುದು ಎರಡನ್ನೂ ಒಟ್ಟಿಗೆ ಮಾಡಿದರೆ ಬರುವ ಟಿಕೆಟ್ಟಿನಲ್ಲಿ 10%. ನೀವು ನಾಲ್ವರು, ಹೋದವರು ಬರಲೇಬೇಕು. ಯಾವ ಪಾಯಿಂಟ್ ಕಾರ್ಡೂ ಇಷ್ಟು ಸುಲಭವಾಗಿ ಕೊಡುವುದಿಲ್ಲ. ಇನ್ನು ಸಾಮಾನ್ಯ ಬಸ್ಸಿನಲ್ಲಿ ಹೋಗುವುದಾದರೆ ಶಕ್ತಿ ಯೋಜನೆಯಲ್ಲಿ ಮನೆಯ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡೇ ಇಲ್ಲ!

ಈಗ ವಿಮಾನ. ಪಾಯಿಂಟ್ಸ್‌ಗೆ ಬೆಲೆ ಬರುವುದು ಇಲ್ಲಿ. ಎಲ್ಲ ಏರ್‌ಲೈನ್‌ಗಳಲ್ಲೂ ಚೂರು ಚೂರು ಕೂಡಿಡಬೇಡಿ. ದೇಶದೊಳಗೆ ಯಾವುದರಲ್ಲಿ ಜಾಸ್ತಿ ಹೋಗುತ್ತೀರೋ ಅದರ ಸದಸ್ಯತ್ವ ಸಾಕು. ಇಂಡಿಗೋ ಆದರೆ ಬ್ಲೂಚಿಪ್, ಏರ್ ಇಂಡಿಯಾ ಆದರೆ ಮಹಾರಾಜ ಕ್ಲಬ್. ಎರಡಕ್ಕೂ ಸೇರಲು ದುಡ್ಡು ಕೊಡಬೇಕಿಲ್ಲ. ಏರ್ ಇಂಡಿಯಾ 2014ರಿಂದ ಏರ್‌ಲೈನ್‌ಗಳ ಕೂಟವಾದ ಸ್ಟಾರ್ ಅಲಯನ್ಸ್‌ನಲ್ಲಿದೆ. ಹಾಗಾಗಿ ಸಿಂಗಪುರಕ್ಕೆ ಸಿಂಗಪುರ್ ಏರ್‌ಲೈನ್ಸ್‌ನಲ್ಲಿ, ಫ್ರಾಂಕ್‌ಫರ್ಟ್‌ಗೆ ಲುಫ್ತಾನ್ಸಾದಲ್ಲಿ ಹೋದರೂ ಅದೇ ಮಹಾರಾಜ ಕ್ಲಬ್ ನಂಬರ್ ಕೊಟ್ಟು ಪಾಯಿಂಟ್ ಹಾಕಿಸಿಕೊಳ್ಳಬಹುದು. ತೀರಾ ಅಗ್ಗದ ಟಿಕೆಟ್ಟಿಗೆ ಕೆಲವೊಮ್ಮೆ ಏನೂ ಸಿಗುವುದಿಲ್ಲ, ಬುಕ್ ಮಾಡುವ ಮುಂಚೆ ನೋಡಿ. ಬೋರ್ಡಿಂಗ್ ಪಾಸನ್ನು ಪಾಯಿಂಟ್ ಖಾತೆಗೆ ಬರುವವರೆಗೂ ಇಟ್ಟುಕೊಳ್ಳಿ.

ಇಲ್ಲಿ ನಮ್ಮವರಿಗೇ ಇರುವ ಒಂದು ತೊಡಕು ಹೇಳಬೇಕು: ಇನಿಷಿಯಲ್. ಆಧಾರ್‌ನಲ್ಲಿ 'ಎಚ್ ಎಸ್ ರಮೇಶ', ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದದ್ದು, ಏರ್‌ಲೈನ್ ಖಾತೆಯಲ್ಲಿ ಬರೀ 'ರಮೇಶ ಎಚ್'. ಹೀಗಿದ್ದರೆ ಪಾಯಿಂಟ್ ಬರುವುದಿಲ್ಲ, ಕ್ಲೇಮ್ ಮಾಡಿದರೂ ಹೆಸರು ಹೊಂದುವುದಿಲ್ಲ ಅಂತ ಮೇಲ್ ಬರುತ್ತದೆ. ಮುಖದ ಗುರುತಿನಿಂದ ವಿಮಾನ ನಿಲ್ದಾಣದ ಒಳಗೆ ಬಿಡುವ ಡಿಜಿಯಾತ್ರಾ ಆ್ಯಪಿಗೂ ಇದೇ ಕಥೆ. ಖಾತೆ ತೆರೆಯುವಾಗಲೇ ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಅದರಲ್ಲಿ ಇದ್ದ ಹಾಗೇ ತುಂಬಿ. ಮಕ್ಕಳದ್ದೂ ಅಷ್ಟೇ. ಆಮೇಲೆ ತಿದ್ದಿಸುವುದು ದೊಡ್ಡ ತಲೆನೋವು.

ಪಾಯಿಂಟ್ ಖರ್ಚು ಮಾಡುವಾಗ ಒಂದು ಸಣ್ಣ ಲೆಕ್ಕ ಕಲಿತರೆ ಸಾಕು. ಟಿಕೆಟ್ ಬೆಲೆ 7,000 ಇದೆ ಅಂದುಕೊಳ್ಳಿ. ಅದೇ ಸೀಟು 6,000 ಪಾಯಿಂಟ್ ಜತೆ 1,600 ರೂಪಾಯಿ ತೆರಿಗೆಗೆ ಸಿಗುತ್ತದೆ. 7,000ದಲ್ಲಿ 1,600 ಕಳೆದರೆ 5,400. ಅದನ್ನು 6,000ದಿಂದ ಭಾಗಿಸಿದರೆ ಒಂದು ಪಾಯಿಂಟಿಗೆ 90 ಪೈಸೆ. ಬ್ಯಾಂಕಿನ ಪಾಯಿಂಟನ್ನು ಏರ್‌ಲೈನಿಗೆ ಕಳಿಸುವಾಗ 2ಕ್ಕೆ 1 ಸಿಗುವುದಾದರೆ ಅದು 45 ಪೈಸೆ ಆಯಿತು. ಅದೇ ಪಾಯಿಂಟನ್ನು ಬ್ಯಾಂಕಿನ ಕ್ಯಾಟಲಾಗ್ ನೋಡಿ ಮಿಕ್ಸರ್‌ಗೋ ಸೂಟ್‌ಕೇಸ್‌ಗೋ ಕೊಟ್ಟರೆ ಎಷ್ಟೋ ಕಾರ್ಡ್‌ಗಳಲ್ಲಿ 20–25 ಪೈಸೆ ಮಾತ್ರ. ಮೇಲೆ 99 ರೂಪಾಯಿ ರಿಡೀಮ್ ಶುಲ್ಕ ಹಾಕುವ ಬ್ಯಾಂಕುಗಳೂ ಇವೆ. ಎಚ್‌ಡಿಎಫ್‌ಸಿಯ ಸ್ಮಾರ್ಟ್‌ಬೈ, ಆಕ್ಸಿಸ್‌ನ ಟ್ರಾವೆಲ್ ಎಡ್ಜ್ ತರಹದ ಬ್ಯಾಂಕಿನದೇ ಸೈಟುಗಳಲ್ಲಿ ಬುಕ್ ಮಾಡಿದರೆ ಪಾಯಿಂಟ್ ಹಲವು ಪಟ್ಟು ಬರುತ್ತದೆ, ನಿಜ. ಆದರೆ ಅಲ್ಲಿನ ಬೆಲೆಯನ್ನು ಏರ್‌ಲೈನ್ ಸೈಟಿನ ಬೆಲೆಯ ಪಕ್ಕ ಇಟ್ಟು ನೋಡದೆ ಒತ್ತಬೇಡಿ.

ಕಾರ್ಡಿನ ಬಿಲ್ಲನ್ನು ಪ್ರತಿ ತಿಂಗಳು ಪೂರ್ತಿ ಕಟ್ಟುವ ಅಭ್ಯಾಸ ಇಲ್ಲದಿದ್ದರೆ ಈ ಆಟಕ್ಕೆ ಇಳಿಯಲೇಬೇಡಿ. ತಿಂಗಳಿಗೆ 3.5% ಬಡ್ಡಿ ಅಂದರೆ 40,000 ಬಾಕಿಗೆ 1,400 ರೂಪಾಯಿ, ಜಿಎಸ್‌ಟಿ ಸೇರಿ 1,652. ಅಷ್ಟು ಖರ್ಚಿಗೆ ಬಂದ ಪಾಯಿಂಟಿನ ಬೆಲೆ ನಾನೂರು ರೂಪಾಯಿ ಇದ್ದರೆ ಹೆಚ್ಚು. ವಿದೇಶದಲ್ಲೂ ಹೀಗೇ. ಸಾಮಾನ್ಯ ಕಾರ್ಡುಗಳಲ್ಲಿ 3.5% ಫಾರೆಕ್ಸ್ ಮಾರ್ಕಪ್ (ವಿದೇಶಿ ಹಣದ ಖರ್ಚಿನ ಮೇಲೆ ಬ್ಯಾಂಕ್ ಹಾಕುವ ಶುಲ್ಕ), ಅದರ ಮೇಲೆ 18% ಜಿಎಸ್‌ಟಿ, ಒಟ್ಟು 4.13%. ಒಂದು ಲಕ್ಷ ಉಜ್ಜಿದರೆ 4,130 ರೂಪಾಯಿ ಹೋಯಿತು. ಮಾರ್ಕಪ್ ಇಲ್ಲದ ಕಾರ್ಡ್ ಒಂದನ್ನು ಪ್ರವಾಸಕ್ಕಂತಲೇ ಇಟ್ಟುಕೊಳ್ಳುವುದು ಪಾಯಿಂಟಿಗಿಂತ ಲಾಭ.

ಇನ್ನು ಎಲ್ಲವನ್ನೂ ಒಂದೆಡೆ ಇಡುವ ವಿಷಯ. ಬುಕಿಂಗ್ ಮೇಲ್‌ಗಳನ್ನು ಟ್ರಿಪ್‌ಇಟ್‌ಗೆ ಫಾರ್ವರ್ಡ್ ಮಾಡಿದರೆ ವಿಮಾನ, ಹೋಟೆಲ್ ಎಲ್ಲವನ್ನೂ ದಿನದ ಪ್ರಕಾರ ಜೋಡಿಸಿ ಕೊಡುತ್ತದೆ. ಬಿಟ್ಟಿ ಆವೃತ್ತಿಯೇ ಸಾಕು. ಪಾಯಿಂಟ್ ಎಲ್ಲೆಲ್ಲಿ ಎಷ್ಟಿದೆ, ಯಾವಾಗ ಸಾಯುತ್ತದೆ ಅಂತ ನೋಡಲು ಅವಾರ್ಡ್‌ವಾಲೆಟ್ ಇದೆ. ಆದರೆ ಖಾತೆಗಳ ಪಾಸ್‌ವರ್ಡನ್ನು ಮೂರನೆಯವರ ಕೈಗೆ ಕೊಡಲು ನನಗೆ ಮನಸ್ಸಿಲ್ಲ. ಎರಡು ಮೂರು ಖಾತೆಗೆ ಗೂಗಲ್ ಶೀಟ್‌ನಲ್ಲಿ ಹೆಸರು, ಪಾಯಿಂಟ್, ಮುಗಿಯುವ ದಿನ ಬರೆದರೆ ಆಯಿತು. ಸಿಂಗಪುರ್ ಏರ್‌ಲೈನ್ಸ್‌ನ ಮೈಲ್ಸ್ ಮೂರು ವರ್ಷಕ್ಕೆ, ಮ್ಯಾರಿಯಟ್ ಹೋಟೆಲಿನ ಪಾಯಿಂಟ್ ಎರಡು ವರ್ಷ ಖಾತೆ ಮುಟ್ಟದಿದ್ದರೆ ಹೋಗುತ್ತವೆ. ಇಂಥವನ್ನು ಬರೆದಿಟ್ಟಿರಬೇಕು.

ಬೆಲೆ ಇಳಿಯುತ್ತಾ ಅಂತ ಕಾಯಲು ಗೂಗಲ್ ಫ್ಲೈಟ್ಸ್‌ನಲ್ಲಿ ಟ್ರ್ಯಾಕ್ ಆನ್ ಮಾಡಿ. ಬುಕಿಂಗ್ ಮಾತ್ರ ಏರ್‌ಲೈನ್ ಸೈಟಿನಲ್ಲೇ ಮಾಡಿ. ಏಜೆಂಟ್ ಸೈಟಿನಲ್ಲಿ ಮುನ್ನೂರು ರೂಪಾಯಿ ಉಳಿಸಿದವರು, ವಿಮಾನದ ಸಮಯ ಬದಲಾದ ದಿನ 'ಅವರನ್ನು ಕೇಳಿ, ಇವರನ್ನು ಕೇಳಿ' ಅಂತ ಅಲೆದಿದ್ದನ್ನು ನೋಡಿದ್ದೇನೆ. ಹೊರಡುವ ದಿನ ಫ್ಲೈಟ್‌ರಡಾರ್24ರಲ್ಲಿ ನಿಮ್ಮನ್ನು ಒಯ್ಯಬೇಕಾದ ವಿಮಾನ ಈಗ ಎಲ್ಲಿದೆ ನೋಡಿ. ಹೊರಡುವ ಹೊತ್ತು ಹತ್ತಿರ ಬಂದರೂ ಅದು ಇನ್ನೂ ಬೇರೆ ಊರಲ್ಲೇ ನಿಂತಿದ್ದರೆ ತಡವಾಗುವ ಸಾಧ್ಯತೆ ಜಾಸ್ತಿ. ಆದರೂ ದೇವನಹಳ್ಳಿಗೆ ನಿಮ್ಮ ಸಮಯಕ್ಕೇ ಹೊರಡಿ, ಹೆಬ್ಬಾಳದ ಟ್ರಾಫಿಕ್ ಯಾವ ಆ್ಯಪಿನ ಮಾತೂ ಕೇಳುವುದಿಲ್ಲ. ಡಿಜಿಯಾತ್ರಾ 2022ರ ಡಿಸೆಂಬರ್ 1ರಂದು ಶುರುವಾದ ಮೊದಲ ಮೂರು ನಿಲ್ದಾಣಗಳಲ್ಲಿ ಬೆಂಗಳೂರೂ ಒಂದು. ದೇಶದೊಳಗಿನ ವಿಮಾನಕ್ಕೆ ಗೇಟಿನ ಸಾಲು ಕಡಿಮೆಯಾಗುತ್ತದೆ. ಮುಖದ ಗುರುತು ಕೊಡಲು ಇಷ್ಟವಿಲ್ಲದಿದ್ದರೆ ಕಡ್ಡಾಯವೇನಲ್ಲ, ಮಾಮೂಲಿ ಸಾಲು ಇದ್ದೇ ಇದೆ.

ಟೋಲಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಕೇಳಿದ್ದೀರಾ? 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಶುರು ಮಾಡಿದರು. 200 ಟ್ರಿಪ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಸ್ವಂತದ ಕಾರು, ಜೀಪು, ವ್ಯಾನಿಗೆ ಮಾತ್ರ. ರಾಜಮಾರ್ಗಯಾತ್ರಾ ಆ್ಯಪಿನಲ್ಲಿ ತಗೊಳ್ಳಬಹುದು, ಈಗಿನ ದರವನ್ನೂ ಅಲ್ಲೇ ನೋಡಿ. ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ ಮೇಲೆ ಬೆಳಗಾವಿಗೆ ಹೋಗುವುದು ರಾಷ್ಟ್ರೀಯ ಹೆದ್ದಾರಿಯಲ್ಲೇ, ದಾರಿಯುದ್ದಕ್ಕೂ ಟೋಲ್. ದಾಟುವ ಒಂದೊಂದು ಪ್ಲಾಜಾವೂ ಒಂದು ಟ್ರಿಪ್ ಲೆಕ್ಕ. ರಾಜ್ಯ ಹೆದ್ದಾರಿಯ ಟೋಲಿಗೆ, ನೈಸ್ ರಸ್ತೆಗೆ ಇದು ನಡೆಯುವುದಿಲ್ಲ. ನಿಮ್ಮ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ತೆಗೆದು ಕಳೆದ ವರ್ಷ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಎಷ್ಟು ಹೋಗಿದೆ ನೋಡಿ. ಪಾಸಿನ ದರಕ್ಕಿಂತ ಜಾಸ್ತಿ ಇದ್ದರೆ ಇವತ್ತೇ ತಗೊಳ್ಳಿ.