ಮಿಸ್ತ್ರಿಯನ್ನು ಕೇಳಿ: ಮಧ್ಯಾಹ್ನಕ್ಕೆ ಮುನಿಸಿಕೊಳ್ಳುವ ಕಾರ್ಟ್

(ಉತ್ತರ ಬರೆಯುವವರು ಕಲಬುರಗಿಯ ಆಳಂದ ರಸ್ತೆಯಲ್ಲಿ ಗ್ಯಾರೇಜ್ ನಡೆಸುವ ಮಿಸ್ತ್ರಿ. ಅದಕ್ಕೂ ಮೊದಲು ಆರು ವರ್ಷ ಬೆಂಗಳೂರಿನ ಒಂದು ಕಾರ್ಟ್ (ಗೋ-ಕಾರ್ಟ್, ಸಣ್ಣ ರೇಸ್ ಗಾಡಿ) ಟ್ರ್ಯಾಕಿನಲ್ಲಿ ಮೆಕ್ಯಾನಿಕ್ ಆಗಿದ್ದರು.)

ಪ್ರಶ್ನೆ: ನಾವು ಮೂವರು ಗೆಳತಿಯರು ದುಡ್ಡು ಕೂಡಿಸಿ ಪುಣೆಯಿಂದ ಹಳೇ ರೇಸಿಂಗ್ ಕಾರ್ಟ್ ತಂದಿದ್ದೇವೆ. ರೋಟ್ಯಾಕ್ಸ್ ಮ್ಯಾಕ್ಸ್ ಇಂಜಿನ್, 125 ಸಿಸಿ, ಟೂ ಸ್ಟ್ರೋಕ್. ಎರಡು ಸಲ ಹೈದರಾಬಾದಿಗೆ ಒಯ್ದು ಟ್ರ್ಯಾಕಿನಲ್ಲಿ ಓಡಿಸಿದೆವು. ಬೆಳಿಗ್ಗೆ ಬಾಣದ ಹಾಗೆ ಹೋಗುತ್ತದೆ. ಮಧ್ಯಾಹ್ನ ಫುಲ್ ರೇಸ್ ಕೊಟ್ಟರೆ ಗೊರಗೊರ ಅನ್ನುತ್ತದೆ, ಹೊಗೆ ಜಾಸ್ತಿ. ಮಾರಿದವರಿಗೆ ಫೋನ್ ಮಾಡಿದರೆ "ಟ್ಯೂನ್ ಮಾಡೇ ಕೊಟ್ಟಿದ್ದೇವೆ" ಅಂತಾರೆ. ಇಂಜಿನ್ ಬಿಚ್ಚಿ ನೋಡಬೇಕು ಅಂದುಕೊಂಡಿದ್ದೇವೆ. ಬೈಕ್ ಸರ್ವಿಸ್ ಕೂಡ ಮಾಡಿ ಗೊತ್ತಿಲ್ಲ. ಎಲ್ಲಿಂದ ಶುರು ಮಾಡೋದು ಕಾಕಾ?
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ತಂಗೀ, ಮೊದಲು ಸ್ಪ್ಯಾನರ್ ಕೆಳಗಿಡು. ಇಂಜಿನ್ ಕೆಟ್ಟಿಲ್ಲ.

ಉತ್ತರ ನಿನ್ನ ಪತ್ರದಲ್ಲೇ ಇದೆ. ಬೆಳಿಗ್ಗೆ ಸರಿ, ಮಧ್ಯಾಹ್ನ ಗೊರಗೊರ. ನಡುವೆ ಬದಲಾದದ್ದು ಬಿಸಿಲು ಮಾತ್ರ. ಗಾಳಿ ಕಾದಷ್ಟೂ ತೆಳ್ಳಗಾಗುತ್ತದೆ. ಬೆಳಿಗ್ಗೆ 24 ಡಿಗ್ರಿ ಇದ್ದದ್ದು ಮಧ್ಯಾಹ್ನ 41 ಆಯಿತು ಅನ್ನು. ಅಷ್ಟೇ ಗಾಳಿ ಎಳೆದುಕೊಂಡರೂ ಇಂಜಿನ್ನಿಗೆ ಸಿಗುವ ಆಕ್ಸಿಜನ್ ಸುಮಾರು ಶೇ 5ರಷ್ಟು ಕಮ್ಮಿ. ಇದು ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿಗೆ ಗೊತ್ತಾಗುವುದಿಲ್ಲ. ಅದರೊಳಗಿನ ಜೆಟ್ ಅಂದರೆ ತೂತು ಹಾಕಿದ ಹಿತ್ತಾಳೆ ತುಂಡು. ಬೆಳಿಗ್ಗೆ ಎಷ್ಟು ಪೆಟ್ರೋಲ್ ಬಿಟ್ಟಿತ್ತೋ ಹೆಚ್ಚುಕಮ್ಮಿ ಅಷ್ಟೇ ಬಿಡುತ್ತದೆ. ಉಣ್ಣುವವನಿಗೆ ಹಸಿವಿಲ್ಲ, ಬಡಿಸುವವನ ಕೈ ನಿಲ್ಲುತ್ತಿಲ್ಲ. ಇದಕ್ಕೆ ರಿಚ್ ಅಂತೀವಿ. ಗೊರಗೊರ, ಹೊಗೆ, ಎಲ್ಲ ಅದರದೇ. ಮಾರಿದವರು ಸುಳ್ಳು ಹೇಳಿರಲಿಕ್ಕಿಲ್ಲ. ಅವರು ಟ್ಯೂನ್ ಮಾಡಿದ್ದು ಅವರ ಊರಿನ, ಆ ದಿನದ ಗಾಳಿಗೆ.

ಮಧ್ಯಾಹ್ನ ಮೇನ್ ಜೆಟ್ (ಫುಲ್ ರೇಸಿಗೆ ಪೆಟ್ರೋಲ್ ಬಿಡುವ ಜೆಟ್) ಒಂದು ನಂಬರ್ ಸಣ್ಣದು ಹಾಕು. ಸರಿಯಾಗದಿದ್ದರೆ ಇನ್ನೊಂದು. ಕಲಿತ ಕೈಗೆ ಹತ್ತು ನಿಮಿಷದ ಕೆಲಸ. ಆದರೆ ಬಿಸಿಲಿಗೆ ಹಾಕಿದ ಸಣ್ಣ ಜೆಟ್ಟನ್ನು ತಂಪು ಹೊತ್ತಿನಲ್ಲಿ ಓಡಿಸಬೇಡ. ಯಾಕೆ ಅಂತ ನನ್ನದೇ ಕಥೆ ಹೇಳ್ತೀನಿ, ನಗಬೇಡ.

ಟ್ರ್ಯಾಕಿನಲ್ಲಿ ಕೆಲಸಕ್ಕೆ ಸೇರಿದ ಎರಡನೇ ವರ್ಷ. ಒಂದು ಭಾನುವಾರ ಮಧ್ಯಾಹ್ನ ಗಿರಾಕಿಯ ಕಾರ್ಟಿಗೆ ಜೆಟ್ ಇಳಿಸಿಕೊಟ್ಟೆ. ಭಲೇ ಅಂದರು. ನಾನೂ ಉಬ್ಬಿದೆ. ಅದೇ ಕಾರ್ಟನ್ನು ಡಿಸೆಂಬರಿನ ಒಂದು ಬೆಳಿಗ್ಗೆ, ಇನ್ನೂ ಮಂಜು ಇರುವಾಗ, ಟೆಸ್ಟ್ ಮಾಡಲು ನಾನೇ ಹತ್ತಿದೆ. ಮೂರನೇ ಸುತ್ತಿಗೆ ಇಂಜಿನ್ ಎಂದೂ ಇಲ್ಲದಷ್ಟು ಚೆನ್ನಾಗಿ ಹಾಡತೊಡಗಿತು. ತಂಪು ಗಾಳಿ ದಟ್ಟ, ಸಣ್ಣ ಜೆಟ್ಟಿನ ಪೆಟ್ರೋಲ್ ಅದಕ್ಕೆ ಸಾಲದು. ಇದಕ್ಕೆ ಲೀನ್ ಅಂತೀವಿ. ಲೀನ್ ಆದ ಟೂ ಸ್ಟ್ರೋಕ್ ಹಾಗೇ, ಸಾಯುವ ಮುಂಚೆ ಚೆಂದ ಹಾಡುತ್ತದೆ. ನೇರ ದಾರಿಯ ಕೊನೆಯಲ್ಲಿ ಕಿರ್ ಅಂತ ಹಿಂದಿನ ಎರಡೂ ಚಕ್ರ ಕಚ್ಚಿಕೊಂಡವು. ಕಾರ್ಟ್ ತಿರುಗಿ ಹುಲ್ಲಿಗೆ ಹೋಗಿ ನಿಂತಿತು. ಬಿಚ್ಚಿ ನೋಡಿದರೆ ಪಿಸ್ಟನ್ನಿನ ಸೈಲೆನ್ಸರ್ ಕಡೆಯ ಮೈ ಪೂರ್ತಿ ಗೀಚಿ ಹೋಗಿತ್ತು, ಅಲ್ಯೂಮಿನಿಯಂ ಸಿಲಿಂಡರಿಗೆ ಮೆತ್ತಿಕೊಂಡಿತ್ತು. ಎರಡು ತಿಂಗಳ ಸಂಬಳ ಹೋಯಿತು. ರಿಚ್ ಆದರೆ ಕಾರ್ಟ್ ನಿಧಾನ ಆಗುತ್ತದೆ, ಲೀನ್ ಆದರೆ ಪಿಸ್ಟನ್ ಕಚ್ಚಿಕೊಂಡು ಸೀಜ್ ಆಗುತ್ತದೆ. ಅನುಮಾನ ಇದ್ದಾಗ ದೊಡ್ಡ ಜೆಟ್ ಹಾಕು. ನಮ್ಮ ಊರಲ್ಲಂತೂ ಮೇ ತಿಂಗಳ 43 ಡಿಗ್ರಿಗೂ ಡಿಸೆಂಬರ್ ಬೆಳಗಿನ 15ಕ್ಕೂ ಗಾಳಿಯಲ್ಲಿ ಶೇ 9ರಷ್ಟು ಫರಕು.

ಈಗ ಇಂಜಿನ್ ಬಿಚ್ಚುವ ಮಾತು. ನಿನ್ನ ಇಂಜಿನ್ನಿಗೆ ತಂತಿ ಪೋಣಿಸಿದ ಸಣ್ಣ ಸೀಲ್ ಇದೆಯಾ ನೋಡು. ರೋಟ್ಯಾಕ್ಸ್ ಮ್ಯಾಕ್ಸ್ ಕ್ಲಾಸಿನ ಇಂಜಿನ್ನುಗಳಿಗೆ ಅಧಿಕೃತ ಸರ್ವಿಸ್ ಸೆಂಟರಿನವರೇ ಸೀಲ್ ಹಾಕುತ್ತಾರೆ. ಅದು ಒಡೆದರೆ, ಅವರು ಮತ್ತೆ ನೋಡಿ ಸೀಲ್ ಹಾಕುವವರೆಗೆ ಆ ಕ್ಲಾಸಿನ ರೇಸಿಗೆ ಬಿಡುವುದಿಲ್ಲ. ಹಾಗಾಗಿ ಸಿಲಿಂಡರ್, ಪಿಸ್ಟನ್ ಸದ್ಯಕ್ಕೆ ನಿನ್ನವಲ್ಲ. ಕಾರ್ಬ್ಯುರೇಟರ್, ಪ್ಲಗ್, ಏರ್ ಫಿಲ್ಟರ್, ಚೈನ್, ಸ್ಪ್ರಾಕೆಟ್ ನಿನ್ನವು. ಒಂದು ವರ್ಷಕ್ಕೆ ಅಷ್ಟು ಸಾಕು. ಬಿಚ್ಚುವ ಚಟ ತಡೆಯಲಾಗದಿದ್ದರೆ, ತೊಗರಿಗೆ ಔಷಧ ಹೊಡೆಯುವ ಟೂ ಸ್ಟ್ರೋಕ್ ಪಂಪ್ ಯಾರದಾದರೂ ಮನೆಯಲ್ಲಿ ಕೆಟ್ಟು ಬಿದ್ದಿರುತ್ತದೆ. ಅದನ್ನು ಕೇಳಿ ತಗೊಂಡು ಬಿಚ್ಚು. ಒಳಗೆ ಅದೇ ಪಿಸ್ಟನ್, ಗಾಳಿ ಹೊಗೆ ಹಾಯುವ ಅದೇ ಕಿಂಡಿಗಳು (ಪೋರ್ಟುಗಳು), ಸೈಜ್ ಸಣ್ಣದು ಅಷ್ಟೇ. ಮೊದಲೆಲ್ಲ ಹಳೇ ಯಮಹಾ ಆರ್‌ಎಕ್ಸ್ 100 ಬೈಕ್ ತಗೊಳ್ಳಿ ಅನ್ನುತ್ತಿದ್ದೆ. ಈಗ ಅದರ ರೇಟ್ ಕೇಳಿದರೆ ನನಗೇ ತಲೆ ತಿರುಗುತ್ತದೆ.

ಜೆಟ್ ಕೈಗೆ ಬಂದಾಗ ಬೆಳಕಿಗೆ ಹಿಡಿದು ನೋಡು. ಮೇಲೆ 162 ಅಂತಲೋ 165 ಅಂತಲೋ ಕೆತ್ತಿರುತ್ತದೆ. ಡೆಲಾರ್ಟೊ (ಕಾರ್ಬ್ಯುರೇಟರ್ ಕಂಪನಿ) ಜೆಟ್ಟಿನಲ್ಲಿ ಆ ನಂಬರು ತೂತಿನ ಅಗಲ. 165 ಅಂದರೆ 1.65 ಮಿಲಿಮೀಟರ್. ಎರಡು ನಂಬರ್ ಫರಕು ಅಂದರೆ 0.02 ಮಿಲಿಮೀಟರ್, ತಲೆಗೂದಲಿಗಿಂತ ತೆಳು. ಈಗ ಹೇಳು, ನಮ್ಮ ಹುಡುಗರು ಜೆಟ್ ಕಟ್ಟಿದೆ ಅಂತ ಕ್ಲಚ್ ವೈರಿನ ಎಳೆ ತೂರಿಸಿ ಉಜ್ಜುತ್ತಾರಲ್ಲ, ಏನಾಗುತ್ತೆ? ನಂಬರು 165 ಅಂತಲೇ ಇರುತ್ತದೆ, ತೂತು ಎಷ್ಟೋ ಆಗಿರುತ್ತದೆ. ಆಮೇಲೆ ಯಾವ ಲೆಕ್ಕವೂ ಕೂಡುವುದಿಲ್ಲ. ಕಾರ್ಬ್ಯುರೇಟರ್ ಕ್ಲೀನರ್ ಹೊಡೆ, ಕಂಪ್ರೆಸರ್ ಗಾಳಿ ಬಿಡು. ತಂತಿ ಬೇಡವೇ ಬೇಡ.

ಜೆಟ್ ಸರಿಯಾಯಿತೋ ಇಲ್ಲವೋ ಅಂತ ಪ್ಲಗ್ ಹೇಳುತ್ತದೆ. ಹೊಸ ಪ್ಲಗ್ ಹಾಕು. ಇಂಜಿನ್ ಚೆನ್ನಾಗಿ ಕಾದ ಮೇಲೆ ನಾಲ್ಕೈದು ಸುತ್ತು ಹೊಡಿ. ಟ್ರ್ಯಾಕ್ ಖಾಲಿ ಇರುವಾಗ, ನೇರ ದಾರಿಯಲ್ಲಿ ಫುಲ್ ರೇಸಿನಲ್ಲಿರುವಾಗಲೇ ಇಗ್ನಿಷನ್ ಬಂದ್ ಮಾಡಿ ಉರುಳುತ್ತಾ ಪಿಟ್ಟಿಗೆ ಬಾ. ನಿಧಾನವಾಗಿ ಓಡಿಸಿಕೊಂಡು ಬಂದರೆ ಪ್ಲಗ್ ಆ ನಿಧಾನದ್ದೇ ಬಣ್ಣ ತೋರಿಸುತ್ತದೆ. ಬಿಚ್ಚಿ ಪ್ಲಗ್ ತುದಿಯ ಪಿಂಗಾಣಿ ನೋಡು. ನಮ್ಮ ಜನಕ್ಕೆ ಸುಲಭದ ಗುರುತು ಹೇಳ್ತೀನಿ: ಹುರಿದ ತೊಗರಿಬೇಳೆಯ ಬಣ್ಣ ಇದ್ದರೆ ಬರೋಬ್ಬರಿ. ಒಗ್ಗರಣೆ ಸೀದ ಹಾಗೆ ಕರ್ರಗೆ, ಒದ್ದೆ ಇದ್ದರೆ ರಿಚ್. ಸುಣ್ಣದ ಹಾಗೆ ಬೆಳ್ಳಗಿದ್ದರೆ ಆ ದಿನ ಮತ್ತೆ ಓಡಿಸಬೇಡ, ದೊಡ್ಡ ಜೆಟ್ ಹಾಕುವವರೆಗೆ.

ಒಂದು ನೋಟ್‌ಬುಕ್ ಇಡು. ಹೊತ್ತು, ಬಿಸಿಲೆಷ್ಟು, ಜೆಟ್ ನಂಬರು, ಕಾರ್ಬ್ಯುರೇಟರ್ ಸೂಜಿಯ ಕ್ಲಿಪ್ ಎಷ್ಟನೇ ಗೀರಿನಲ್ಲಿದೆ, ಪ್ಲಗ್ ಬಣ್ಣ, ಸದ್ದು ಹೇಗಿತ್ತು. ಒಂದು ಸಲಕ್ಕೆ ಒಂದೇ ಬದಲಾಯಿಸು. ಜೆಟ್ಟೂ ಕ್ಲಿಪ್ಪೂ ಒಟ್ಟಿಗೆ ಬದಲಿಸಿದರೆ ಸರಿಯಾದದ್ದು ಯಾವುದರಿಂದ ಅಂತ ದೇವರಿಗೂ ತಿಳಿಯದು. ನನ್ನ ಹಳೇ ನೋಟ್‌ಬುಕ್ಕಿನ ಹಾಳೆಗಳು ಆಯಿಲ್ ಕುಡಿದು ಕನ್ನಡಿ ಕಾಗದದ ಹಾಗಾಗಿವೆ. ಆದರೂ ಇವತ್ತಿಗೂ ತೆಗೆದು ನೋಡ್ತೀನಿ.

ಇನ್ನು ಧೂಳು. ಕರಿ ಮಣ್ಣಿನ ಸೀಮೆ ನಮ್ಮದು. ಫೋಮ್ ಫಿಲ್ಟರನ್ನು ಪ್ರತಿ ಸಲ ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಫಿಲ್ಟರ್ ಆಯಿಲ್ ಹಚ್ಚಿ, ಹಿಂಡಿ ಹಾಕು. ಹಿಂಡುವಾಗ ತಿರುಚಬೇಡ, ಹರಿಯುತ್ತದೆ. ಕಾರ್ಬ್ಯುರೇಟರ್ ಬಿಚ್ಚುವುದನ್ನು ಅಂಗಳದಲ್ಲಿ ಮಾಡಬೇಡ. ನಾನು ಶಹಾಬಾದ್ ಕಲ್ಲಿನ ಕಟ್ಟೆ ಒರೆಸಿ, ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಬಿಚ್ಚುತ್ತೇನೆ. ಹುಡುಗರು "ಮಿಸ್ತ್ರಿ ಪೂಜೆಗೆ ಕೂತರು" ಅಂತ ನಗ್ತಾರೆ. ಬಿಳಿ ಬಟ್ಟೆ ಮೇಲೆ ಬಿದ್ದ ಸಣ್ಣ ವಾಷರ್ ಸಿಗುತ್ತದೆ, ಅದಕ್ಕೆ.

ಪ್ರಶ್ನೆ: ನಮ್ಮಲ್ಲಿ ಟಿಲ್ಲರಿನಿಂದ ತೆಗೆದ ಹೋಂಡಾ ಜಿಎಕ್ಸ್ 200 ಇಂಜಿನ್ ಇದೆ. ಪೈಪ್ ಬೆಸೆದು ಕಾರ್ಟ್ ಮಾಡಿದ್ದೇನೆ, ಓಡುತ್ತದೆ. ಇಂಜಿನ್ ಸುತ್ತನ್ನು ಮಿತಿಯಲ್ಲಿಡುವ ಗವರ್ನರ್ ತೆಗೆದುಹಾಕಿದರೆ ಸ್ಪೀಡ್ ಬರುತ್ತದೆ ಅಂತಾರೆ. ತೆಗೆಯಲಾ ಅಣ್ಣಾ?
— ರೈತನ ಮಗ, ಸುರಪುರ

ಉತ್ತರ: ಬೇಡ ತಮ್ಮಾ.

ಮೊದಲು ಶಹಬ್ಬಾಸ್ ಅಂತೀನಿ. ಈ ಆಟ ಹುಟ್ಟಿದ್ದೇ ನಿನ್ನಂಥವರಿಂದ. 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ಅನ್ನುವ ಮಿಸ್ತ್ರಿ ಹುಲ್ಲು ಕತ್ತರಿಸುವ ಯಂತ್ರದ ಇಂಜಿನ್ನನ್ನು ಪೈಪಿನ ಚೌಕಟ್ಟಿಗೆ ಕೂರಿಸಿ ಮೊದಲ ಕಾರ್ಟ್ ಮಾಡಿದ.

ಆದರೆ ಗವರ್ನರ್ ಇರುವುದು ನಿನ್ನ ಖುಷಿ ಕೆಡಿಸಲು ಅಲ್ಲ. ಆ ಇಂಜಿನ್ನಿನ ಫ್ಲೈವೀಲ್ (ಜೊತೆಗೆ ತಿರುಗುವ ಭಾರದ ಚಕ್ರ), ಕನೆಕ್ಟಿಂಗ್ ರಾಡ್ (ಪಿಸ್ಟನ್ ಹಿಡಿದ ರಾಡು) ಎರಡೂ ಹೊಲದ ಕೆಲಸದ ಸ್ಪೀಡಿಗೆ, ನಿಮಿಷಕ್ಕೆ ಮೂರೂವರೆ ಸಾವಿರ ಚಿಲ್ಲರೆ ಸುತ್ತಿಗೆ ಮಾಡಿದವು. ಗವರ್ನರ್ ತೆಗೆದರೆ ಅದು ಎಲ್ಲಿ ನಿಲ್ಲುತ್ತದೆ ಅಂತ ಹೇಳಲಿಕ್ಕಾಗದು. ಎರಕದ ಫ್ಲೈವೀಲ್ ಒಡೆದರೆ ತುಂಡು ಬಾಂಬಿನ ಹಾಗೆ ಹಾರುತ್ತದೆ, ಮತ್ತು ಅದು ನಿನ್ನ ಬೆನ್ನಿನ ಪಕ್ಕದಲ್ಲೇ ಇರುತ್ತದೆ. ರೇಸಿಗೆ ಗವರ್ನರ್ ತೆಗೆಯುವವರು ಫ್ಲೈವೀಲೂ ರಾಡೂ ಬೇರೆ ಗಟ್ಟಿಯವು ಹಾಕಿಸಿಕೊಂಡಿರುತ್ತಾರೆ. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ ಅಲ್ವಾ?

ಇರುವುದರಲ್ಲೇ ಎಷ್ಟೋ ಸಿಗುತ್ತದೆ. ವಾಲ್ವ್ ಕ್ಲಿಯರೆನ್ಸ್ (ವಾಲ್ವಿನ ತುದಿಯಲ್ಲಿ ಬಿಡುವ ಸಂದು) ಕೊನೆಗೆ ಯಾವಾಗ ನೋಡಿದ್ದೆ? ಇಂಜಿನ್ ಪೂರ್ತಿ ತಣ್ಣಗಿರುವಾಗ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡು. ಇನ್‌ಲೆಟ್ 0.15, ಎಕ್ಸಾಸ್ಟ್ 0.20 ಮಿಲಿಮೀಟರ್. ಗೇಜ್ ಹಳೇ ಪುಸ್ತಕದ ಹಾಳೆ ಎಳೆದ ಹಾಗೆ ಸ್ವಲ್ಪ ತಡೆದು ಬರಬೇಕು. ಪ್ಲಗ್ ಗ್ಯಾಪ್ 0.7ರಿಂದ 0.8. ಆಯಿಲ್ 0.6 ಲೀಟರ್ ಮಾತ್ರ ಹಿಡಿಯುತ್ತದೆ, ಅಷ್ಟು ಕಮ್ಮಿ ಆಯಿಲ್ ಬೇಗ ಸೋಲುತ್ತದೆ. ಕಂಪನಿ ಪುಸ್ತಕದಲ್ಲಿ ಆಯಿಲ್ ಬದಲಿಸಲು 100 ತಾಸು ಅಂತ ಇದೆ, ಅದು ಸಾಮಾನ್ಯ ಕೆಲಸಕ್ಕೆ. ಕಾರ್ಟಿಗೆ ನಾನಾದರೆ 20 ತಾಸಿಗೇ ಬದಲಿಸ್ತೀನಿ. ಮತ್ತೆ, ಊರ ರಸ್ತೆಯಲ್ಲಿ ಓಡಿಸಬೇಡ. ಲಾರಿಯವನಿಗೆ ನೀನು ಕಾಣುವುದೇ ಇಲ್ಲ.

ಪ್ರಶ್ನೆ: ನೇರ ದಾರಿ ಮುಗಿಯುವ ಮುಂಚೆಯೇ ನನ್ನ ಕಾರ್ಟಿನ ಇಂಜಿನ್ ಕೂಗಿ ಸ್ಪೀಡ್ ಅಲ್ಲೇ ನಿಂತುಬಿಡುತ್ತದೆ, ಮುಂದೆ ಏರುವುದಿಲ್ಲ. ಸ್ಪ್ರಾಕೆಟ್ ಮುಂದಿನದು ಬದಲಿಸಲೋ ಹಿಂದಿನದೋ?
— ಓದುಗ, ಬೀದರ್

ಉತ್ತರ: ಹಿಂದಿನದು, ಒಂದೆರಡು ಹಲ್ಲು ಕಮ್ಮಿ ಮಾಡಿ. ಮುಂದಿನ ಒಂದು ಹಲ್ಲು ಸಣ್ಣ ವಿಷಯ ಅಲ್ಲ. ಮುಂದೆ 12, ಹಿಂದೆ 80 ಇದೆ ಅಂದುಕೊಳ್ಳಿ. ಮುಂದೆ 13 ಮಾಡುವುದೂ ಹಿಂದೆ 80ರಿಂದ 74ಕ್ಕೆ ಇಳಿಸುವುದೂ ಹೆಚ್ಚುಕಮ್ಮಿ ಒಂದೇ. ಅಷ್ಟು ದೊಡ್ಡ ನೆಗೆತ ಬೇಡ. ಹಲ್ಲು ಕಮ್ಮಿಯಾದಷ್ಟೂ ತಿರುವಿನಿಂದ ಏಳುವಾಗ ಕಾರ್ಟ್ ಮಂಕಾಗುತ್ತದೆ, ನೋಡಿಕೊಂಡು ಇಳಿಸಿ. ಬದಲಿಸಿದ ಮೇಲೆ ಚೈನ್ ಸೀದಾ ಇದೆಯಾ ಅಂತ ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ.

ಪ್ರಶ್ನೆ: ಟೂ ಸ್ಟ್ರೋಕ್ ಕಾರ್ಟಿಗೆ ಪೆಟ್ರೋಲಿನಲ್ಲಿ ಆಯಿಲ್ ಸ್ವಲ್ಪ ಜಾಸ್ತಿ ಹಾಕಿದರೆ ಇಂಜಿನ್ನಿಗೆ ಒಳ್ಳೇದಲ್ವಾ?
— ಓದುಗ, ಸೇಡಂ

ಉತ್ತರ: ಎಲ್ಲರೂ ಹಾಗೇ ಅಂದುಕೊಳ್ತಾರೆ. ಜೆಟ್ಟಿನಿಂದ ಹೋಗುವುದು ಪೆಟ್ರೋಲ್, ಆಯಿಲ್ ಎರಡೂ ಸೇರಿದ್ದು. ಆಯಿಲ್ ಜಾಸ್ತಿ ಆದರೆ ಅದೇ ತೂತಿನಲ್ಲಿ ಪೆಟ್ರೋಲ್ ಕಮ್ಮಿ ಹೋಗುತ್ತದೆ. ಅಂದರೆ ನೀವು ಕಾಪಾಡಲು ಹೋಗಿ ಲೀನ್ ಮಾಡಿದಿರಿ. ಕಂಪನಿ ಶೇ 2 ಅಂದಿದ್ದರೆ 5 ಲೀಟರಿಗೆ 100 ಮಿಲಿ, ಅಷ್ಟೇ. ಕಣ್ಣಳತೆ ಬೇಡ, ಗೀರು ಇರುವ ಅಳತೆ ಲೋಟ ತನ್ನಿ. ಬೇಕಾದಷ್ಟೇ ಕಲಸಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ತೇವ ಎಳೆದುಕೊಳ್ಳುತ್ತದೆ, ಉಳಿದದ್ದನ್ನು ತಿಂಗಳುಗಟ್ಟಲೆ ಇಡಬೇಡಿ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಉಳಿದದ್ದನ್ನೂ ಓಡಿಸಿದ ದಿನವೇ ಇಳಿಸಿಬಿಡಿ.